ಹಳ್ಳದ ನೀರಿನ ವಿದ್ಯುತ್ತು: ಸ್ಪರ್ಧೆ ಯಾವ ಹಂತದಲ್ಲಿ ಇರಬೇಕು?

ಸಕಲೇಶಪುರದ ಮಿತ್ರರು ಎರಡು ವಿಷಯ ಕೇಳಿದ್ದಾರೆ: ತೋಟದ ಹಳ್ಳದಿಂದ ವಿದ್ಯುತ್ ತಯಾರಿಸಿ ಮಾರಬಹುದೇ, ಮತ್ತು ಜಲವಿದ್ಯುತ್ತಿನ ನಿಯಮಗಳನ್ನು ಸಡಿಲಿಸಿ ಖಾಸಗಿ ಬಂಡವಾಳಕ್ಕೆ ದಾರಿ ಮಾಡಿಕೊಟ್ಟರೆ ಬೆಳೆಗಾರರಿಗೆ ಅನುಕೂಲವಾಗುವುದೇ. ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ಮನೆಬಳಕೆಗೆ ಚಿಕ್ಕ ಟರ್ಬೈನೊಂದನ್ನು ನಡೆಸುತ್ತಿರುವುದರಿಂದ ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಮೊದಲು ನೀರನ್ನು ಅಳೆಯಿರಿ. ಅಕ್ಟೋಬರಿನಲ್ಲಿ ನಮ್ಮ ಪೈಪಿನ ಬಾಯಿಗೆ 200 ಲೀಟರಿನ ಡ್ರಮ್ಮು ಹಿಡಿದರೆ 10 ಸೆಕೆಂಡಿನಲ್ಲಿ ತುಂಬುತ್ತದೆ, ಅಂದರೆ ಸೆಕೆಂಡಿಗೆ 20 ಲೀಟರು. 30 ಮೀಟರ್ ಎತ್ತರದಿಂದ ಬೀಳುವ ಅಷ್ಟು ನೀರು, ಅರ್ಧದಷ್ಟು ನಷ್ಟ ಕಳೆದರೂ, ಸುಮಾರು 2.9 ಕಿಲೋವಾಟ್ ಕೊಡುತ್ತದೆ. ಏಪ್ರಿಲಿನಲ್ಲಿ ಅದೇ ಡ್ರಮ್ಮು ತುಂಬಲು 40 ಸೆಕೆಂಡು ಬೇಕು, ಆಗ ಸಿಗುವುದು 0.7 ಕಿಲೋವಾಟ್ ಮಾತ್ರ. ಜುಲೈಯಲ್ಲಿ ನೀರಿಗೆ ಕೊರತೆಯಿಲ್ಲ, ಆದರೆ ದಿನಕ್ಕೆರಡು ಬಾರಿ ಮಳೆಯಲ್ಲಿ ನಿಂತು ಜಾಲರಿಗೆ ಅಂಟಿದ ತರಗೆಲೆ ತೆಗೆಯಬೇಕು. ಇಷ್ಟು ಸಣ್ಣ ಘಟಕದಿಂದ ಮಾರಾಟದ ಲೆಕ್ಕ ಕೂಡಿಬರುವುದಿಲ್ಲ. ಮನೆಗೂ ಕಾರ್ಮಿಕರು ವಾಸಿಸುವ ಲೈನಿಗೂ ದೀಪ ಉರಿಸಲು ಅದು ಧಾರಾಳವಾಗಿ ಸಾಕು.

ದೊಡ್ಡ ಪ್ರಮಾಣದ ಮಾತು ಬೇರೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯು ಉತ್ಪಾದನೆಗೆ ಲೈಸೆನ್ಸಿನ ಅಗತ್ಯವನ್ನು ತೆಗೆದುಹಾಕಿತು, ಆದರೂ ದೊಡ್ಡ ವೆಚ್ಚದ ಜಲಯೋಜನೆಗಳಿಗೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಒಪ್ಪಿಗೆಯನ್ನು ಉಳಿಸಿಕೊಂಡಿತು. 25 ಮೆಗಾವಾಟ್‌ವರೆಗಿನವು ಕಿರು ಜಲವಿದ್ಯುತ್ ಎನಿಸುತ್ತವೆ. ನಮ್ಮ ರಾಜ್ಯದಲ್ಲಿ ಅವುಗಳ ಉಸ್ತುವಾರಿ ನವೀಕರಿಸಬಹುದಾದ ಇಂಧನಕ್ಕಾಗಿ ಇರುವ ರಾಜ್ಯ ಸರ್ಕಾರದ ಸಂಸ್ಥೆ ಕ್ರೆಡಲ್‌ನದು, ದರ ನಿಗದಿ ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ್ದು. ಹಸಿರು ವಿದ್ಯುತ್ತನ್ನು ನೇರವಾಗಿ ಕೊಳ್ಳಲು ಗ್ರಾಹಕರಿಗಿದ್ದ 1 ಮೆಗಾವಾಟ್ ಮಿತಿಯನ್ನು 2022ರ ಕೇಂದ್ರ ನಿಯಮಗಳು 100 ಕಿಲೋವಾಟ್‌ಗೆ ಇಳಿಸಿದ್ದು ನಿಜಕ್ಕೂ ಒಳ್ಳೆಯ ಹೆಜ್ಜೆ, ಏಕೆಂದರೆ ಕಾಫಿ ಸಂಸ್ಕರಣಾ ಘಟಕದಂಥ ಮಧ್ಯಮ ಗ್ರಾಹಕರೂ ಈಗ ಉತ್ಪಾದಕರನ್ನು ಆರಿಸಿಕೊಳ್ಳಬಹುದು.

ಆದರೆ ಸೌರವಿದ್ಯುತ್ತಿಗೆ ಹೊಂದುವ, ಕಡಿಮೆ ದರ ಹೇಳಿದವರಿಗೆ ಯೋಜನೆ ಕೊಡುವ ಹರಾಜಿನ ಪದ್ಧತಿಯನ್ನೇ ನೀರಿಗೂ ಅನ್ವಯಿಸಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಬಿಸಿಲು ಎಲ್ಲರ ಜಮೀನಿನಲ್ಲೂ ಬೀಳುತ್ತದೆ. ಅಬ್ಬಿ ಇರುವುದು ಒಂದೇ ಕಡೆ. ಜಾಗ ಒಬ್ಬರ ಪಾಲಾದ ದಿನವೇ ಅಲ್ಲಿ ಸ್ಪರ್ಧೆ ಮುಗಿಯುತ್ತದೆ. ಆದ್ದರಿಂದ ಹಂಚಿಕೆಗೆ ಮೊದಲೇ ಹಳ್ಳದ ಹಲವು ವರ್ಷಗಳ ಹರಿವಿನ ಅಳತೆಯನ್ನು ಸರ್ಕಾರ ಪ್ರಕಟಿಸಬೇಕು, ಕೆಳಗಿನ ಊರುಗಳಿಗೆ ಬಿಡಬೇಕಾದ ಕನಿಷ್ಠ ನೀರನ್ನು ಗೊತ್ತುಪಡಿಸಬೇಕು, ಅನಂತರವೇ ಅರ್ಜಿ ಕರೆಯಬೇಕು. ಬರೀ ಕಡಿಮೆ ದರ ಹೇಳಿದವರಿಗೆ ಕೊಟ್ಟರೆ ಅವರು ಮೊದಲು ಉಳಿತಾಯ ಮಾಡುವುದು ಆ ಕೆಳಗಿನ ನೀರಿನಲ್ಲೇ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂವರಳಲು ಬೇಕಾದ ಹೂಮಳೆ ಬಾರದೆ ಎಲ್ಲರೂ ಸ್ಪ್ರಿಂಕ್ಲರ್ ಹಾಕುವಾಗ ಹಳ್ಳ ಸೊರಗಿರುತ್ತದೆ. ಜಗಳ ಹುಟ್ಟುವುದೂ ಆಗಲೇ. ಹೇಮಾವತಿಗೆ ಸೇರುವ ನಮ್ಮ ತೊರೆಗಳ ವಿಷಯದಲ್ಲಿ ಇದನ್ನು ಕಡೆಗಣಿಸುವಂತಿಲ್ಲ.

ಬಂಡವಾಳ ಹೂಡುವವರಿಗೂ ಇದರಿಂದ ಲಾಭವೇ. ನೀರಿನ ನಂಬಲರ್ಹ ಲೆಕ್ಕ, ಬದಲಾಗದ ವ್ಹೀಲಿಂಗ್ ಶುಲ್ಕ (ಬೇರೆಯವರ ತಂತಿಯ ಮೂಲಕ ವಿದ್ಯುತ್ ಸಾಗಿಸಲು ಕೊಡುವ ಬಾಡಿಗೆ), ಸಕಾಲಕ್ಕೆ ಹಣ ಪಾವತಿ ಇವು ಮೂರಿದ್ದರೆ ಬ್ಯಾಂಕು ಸಾಲ ಕೊಡಲು ಹಿಂಜರಿಯುವುದಿಲ್ಲ.

ಸದ್ಯಕ್ಕೆ ತಾವು ಯಾರಿಗೂ ಮುಂಗಡ ಕೊಡಬೇಡಿ. ಈ ಏಪ್ರಿಲಿನಲ್ಲಿ ಡ್ರಮ್ಮಿನ ಅಳತೆ ತೆಗೆದು, ನೀರು ಬೀಳುವ ಎತ್ತರ ಮತ್ತು ಪೈಪಿನ ಉದ್ದದ ಜೊತೆ ಇಲ್ಲಿ ಬರೆಯಿರಿ, ಎಷ್ಟು ವಿದ್ಯುತ್ ಸಿಗಬಹುದೆಂದು ಲೆಕ್ಕ ಹಾಕಿ ತಿಳಿಸುತ್ತೇನೆ.