ವಸಡು ಸರಿದರೆ ಕಾರಣ ಹುಡುಕುವುದು ಹೇಗೆ?

ಪ್ರಶ್ನೆ: ನನಗೆ 42 ವರ್ಷ. ದಿನಕ್ಕೆರಡು ಬಾರಿ ಗಟ್ಟಿ ಬ್ರಷ್‌ನಿಂದ ಚೆನ್ನಾಗಿ ತಿಕ್ಕಿ ಹಲ್ಲುಜ್ಜುತ್ತೇನೆ. ಆದರೂ ಮೇಲಿನ ಎಡಗಡೆಯ ಕೋರೆಹಲ್ಲು ಹಾಗೂ ಅದರ ಹಿಂದಿನ ಹಲ್ಲಿನ ವಸಡು ಮೇಲಕ್ಕೆ ಸರಿದಿದ್ದು, ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ. ರಕ್ತ ಬರುವುದಿಲ್ಲ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಯೇ?
– ಓದುಗರೊಬ್ಬರು, ಹಾವೇರಿ

ಉತ್ತರ: ವಸಡು ಎಲ್ಲಿ, ಯಾವ ರೀತಿಯಲ್ಲಿ ಸರಿದಿದೆ ಎಂಬುದೇ ಬಹುಮಟ್ಟಿಗೆ ಕಾರಣವನ್ನು ಸೂಚಿಸುತ್ತದೆ. ಕೋರೆಹಲ್ಲು ಸಾಲಿನ ತಿರುವಿನಲ್ಲಿ ತುಸು ಮುಂದಕ್ಕೆ ಚಾಚಿರುವುದರಿಂದ ಅದರ ಬೇರನ್ನು ಮುಚ್ಚುವ ಮೂಳೆಯೂ ವಸಡೂ ತೆಳುವಾಗಿರುತ್ತವೆ. ಬಲಗೈಯಲ್ಲಿ ಅಡ್ಡಡ್ಡ ತಿಕ್ಕುವವರಲ್ಲಿ ಬ್ರಷ್‌ನ ಒತ್ತಡ ಎಡಗಡೆಯ ಈ ಹಲ್ಲುಗಳ ಮೇಲೆಯೇ ಹೆಚ್ಚು ಬೀಳುವುದುಂಟು. ನೀವು ಶ್ರದ್ಧೆಯಿಂದ ಪಾಲಿಸಿದ ಅಭ್ಯಾಸವೇ ಇಲ್ಲಿ ಮೊದಲ ಅನುಮಾನಕ್ಕೆ ಒಳಗಾಗುತ್ತದೆ. ಇದ್ದಿಲು, ಇಟ್ಟಿಗೆ ಪುಡಿಗಳಿಂದ ಉಜ್ಜುವವರಿಗೂ ಇದೇ ಹಾನಿ ತಪ್ಪಿದ್ದಲ್ಲ. ತೆರೆದುಕೊಂಡ ಬೇರಿಗೆ ಎನಾಮಲ್ ಕವಚವಿಲ್ಲದ ಕಾರಣ ತಣ್ಣೀರು ತಾಗಿದೊಡನೆ ಜುಮ್ಮೆನ್ನುತ್ತದೆ.

ಆದರೆ ಬ್ರಷ್‌ ಬದಲಿಸಿದರೆ ಸಾಕೆಂದು ನಿಶ್ಚಿಂತರಾಗಬೇಡಿ. ಹಲ್ಲಿನ ಬುಡದಲ್ಲಿ ನಿಂತ ಪಾಚಿ ಗಟ್ಟಿಯಾಗಿ, ವಸಡಿಗೆ ಸೋಂಕು ತಗಲಿ, ಒಳಗಿನ ಮೂಳೆ ಕರಗತೊಡಗಿದಾಗಲೂ ವಸಡು ಸರಿಯುತ್ತದೆ. ಆಗ ಸಾಮಾನ್ಯವಾಗಿ ಒಂದೆರಡು ಹಲ್ಲುಗಳಲ್ಲಷ್ಟೇ ಅಲ್ಲದೆ ಹಲವು ಹಲ್ಲುಗಳ ನಡುವೆಯೂ ಸಂದುಗಳು ಕಾಣುತ್ತವೆ. ಮಧುಮೇಹ ಹತೋಟಿಯಲ್ಲಿಲ್ಲದವರಲ್ಲಿ ಈ ರೋಗ ಬೇಗ ಉಲ್ಬಣಿಸುತ್ತದೆ. ಧೂಮಪಾನಿಗಳಲ್ಲಿ ರೋಗವಿದ್ದರೂ ರಕ್ತಸ್ರಾವ ಕಡಿಮೆಯಾಗಿರುವುದರಿಂದ, ರಕ್ತ ಬಾರದಿರುವುದನ್ನೇ ಆರೋಗ್ಯದ ಲಕ್ಷಣವೆಂದು ತಿಳಿಯುವಂತಿಲ್ಲ. ಹೊಗೆಸೊಪ್ಪನ್ನೋ ಕಡ್ಡಿಪುಡಿಯನ್ನೋ ದವಡೆಯಲ್ಲಿ ಒತ್ತಿಟ್ಟುಕೊಳ್ಳುವವರಲ್ಲಿ ವಸಡು ಸರಿಯುವುದು ಹೆಚ್ಚಾಗಿ ಆ ಜಾಗದಲ್ಲೇ. ಅಲ್ಲಿ ಬಿಳಿ ಮಚ್ಚೆಯೇನಾದರೂ ಕಂಡರೆ ಒಂದು ದಿನವೂ ತಡಮಾಡದೆ ವೈದ್ಯರಿಗೆ ತೋರಿಸಬೇಕೆಂದು ಕಳಕಳಿಯಿಂದ ಹೇಳುತ್ತೇನೆ.

ಕ್ಲೀನಿಂಗ್‌ನಿಂದ ಹಲ್ಲು ಸಡಿಲವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅದುವರೆಗೆ ಸಂದುಗಳನ್ನು ತುಂಬಿಕೊಂಡಿದ್ದ ಗಟ್ಟಿ ಪಾಚಿ ಹೋದಾಗ, ಮೂಳೆ ಮೊದಲೇ ಕರಗಿದ್ದರೆ ಆ ಸಡಿಲ ಅನುಭವಕ್ಕೆ ಬರುತ್ತದೆ, ಅಷ್ಟೇ.

ದಂತವೈದ್ಯರು ತೆಳುವಾದ ಕಡ್ಡಿಯಂಥ ಉಪಕರಣದಿಂದ ವಸಡಿನ ಸಂದಿನ ಆಳವನ್ನು ಅಳೆಯುತ್ತಾರೆ. ಅದು ಸಾಮಾನ್ಯವಾಗಿ 3 ಮಿಲಿಮೀಟರ್ ಒಳಗಿರಬೇಕು. ಹೆಚ್ಚಿದ್ದರೆ ವಸಡಿನ ರೋಗಕ್ಕೆ ಚಿಕಿತ್ಸೆ ಬೇಕಾಗಬಹುದು. ಸರಿದ ವಸಡು ತಾನಾಗಿ ಮತ್ತೆ ಬೆಳೆಯುವುದಿಲ್ಲವಾದ್ದರಿಂದ, ಬೇರು ಬಹಳವಾಗಿ ತೆರೆದಿದ್ದರೆ ಅಂಗುಳಿನಿಂದ ಅಂಗಾಂಶ ತೆಗೆದು ಕಸಿ ಮಾಡುವ ಶಸ್ತ್ರಚಿಕಿತ್ಸೆಯೂ ಉಂಟು. ಅಲ್ಲಿಯವರೆಗೆ ಮೃದು ಎಳೆಗಳ ಬ್ರಷ್‌ ಅನ್ನು ವಸಡಿನ ಕಡೆಗೆ ಓರೆಯಾಗಿಟ್ಟು, ಬೆರಳ ತುದಿಗಳಲ್ಲಿ ಹಗುರಾಗಿ ಹಿಡಿದು, ಎರಡು ನಿಮಿಷ ಉಜ್ಜಿರಿ.