ತಪಾಸಣೆಗೆ ಬಂದವರ ಸಂಖ್ಯೆಯಷ್ಟೇ ಸಾಲದು

ಪ್ರಶ್ನೆ: ನಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿ 30 ವರ್ಷ ದಾಟಿದವರಿಗೆ ಬಾಯಿ, ಸ್ತನ ಹಾಗೂ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ನಡೆಯುತ್ತಿದೆ. ಎಷ್ಟು ಜನರನ್ನು ಪರೀಕ್ಷಿಸಲಾಯಿತು ಎಂಬ ಲೆಕ್ಕವಷ್ಟೇ ಕೇಳಿಬರುತ್ತದೆ. ಈ ರಾಷ್ಟ್ರೀಯ ಕಾರ್ಯಕ್ರಮ ಫಲ ಕೊಡುತ್ತಿದೆಯೇ ಎಂದು ತಿಳಿಯುವುದು ಹೇಗೆ?
– ಓದುಗರು, ಹಾವೇರಿ

ಉತ್ತರ: ಪರೀಕ್ಷೆಗೆ ಅರ್ಹರಾದವರು ಒಟ್ಟು ಎಷ್ಟು ಮಂದಿ ಎಂಬುದನ್ನು ಜೊತೆಗಿಟ್ಟು ನೋಡದಿದ್ದರೆ, ಪರೀಕ್ಷಿಸಿದವರ ಸಂಖ್ಯೆ ಎಷ್ಟೇ ದೊಡ್ಡದಾಗಿದ್ದರೂ ಏನನ್ನೂ ಹೇಳುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ 30ರಿಂದ 49 ವರ್ಷದ ಮಹಿಳೆಯರಲ್ಲಿ ಗರ್ಭಕಂಠದ ತಪಾಸಣೆಯನ್ನು ಒಮ್ಮೆಯಾದರೂ ಮಾಡಿಸಿಕೊಂಡವರು ಶೇ 1.9 ಮಾತ್ರ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದ ಅಳತೆ ಇನ್ನೊಂದಿದೆ. ತಪಾಸಣೆಯಲ್ಲಿ ಅನುಮಾನ ಕಂಡುಬಂದ ಮಹಿಳೆಯನ್ನು ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದ ಮೇಲೆ ಆಕೆ ಅಲ್ಲಿಗೆ ತಲುಪಿದಳೇ, ಬಯಾಪ್ಸಿ (ಅಂಗಾಂಶದ ಚೂರು ತೆಗೆದು ಪರೀಕ್ಷಿಸುವುದು) ಆಯಿತೇ, ಎಷ್ಟು ದಿನಗಳಲ್ಲಿ ಚಿಕಿತ್ಸೆ ಆರಂಭವಾಯಿತು ಎಂಬುದು ದಾಖಲಾಗಬೇಕು. ಕೂಲಿ ಬಿಟ್ಟು, ಬಸ್ಸು ಹಿಡಿದು, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಬೇಕಾದವರು ದಾರಿಯಲ್ಲೇ ಕೈಬಿಟ್ಟು ಹೋಗುವುದು ಇಲ್ಲಿಯೇ. ಚಿಕಿತ್ಸೆಯವರೆಗೆ ಕೊಂಡೊಯ್ಯದ ತಪಾಸಣೆ ಆಕೆಗೆ ಭಯವನ್ನಷ್ಟೇ ಕೊಡುತ್ತದೆ.

ಪರೀಕ್ಷೆಯ ಗುಣಮಟ್ಟವನ್ನೂ ಗಮನಿಸಬೇಕು. ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಹಚ್ಚಿ, ಬಿಳಿ ಕಲೆ ಮೂಡುವುದೇ ಎಂದು ಕಣ್ಣಿನಿಂದ ನೋಡುವ ವಿಧಾನದಲ್ಲಿ ಫಲಿತಾಂಶವು ನೋಡುವವರ ತರಬೇತಿಯನ್ನು ಅವಲಂಬಿಸಿರುತ್ತದೆ. ನೂರಾರು ಪರೀಕ್ಷೆ ನಡೆಸಿದ ಕೇಂದ್ರವೊಂದು ಒಂದೂ ಅನುಮಾನಾಸ್ಪದ ಪ್ರಕರಣವನ್ನು ವರದಿ ಮಾಡದಿದ್ದರೆ, ಮೇಲ್ವಿಚಾರಕರು ಅಲ್ಲಿಗೆ ಹೋಗಿ ಪರೀಕ್ಷಾ ಕ್ರಮವನ್ನೇ ನೋಡಬೇಕು.

ಮೂರೂ ಕ್ಯಾನ್ಸರ್‌ಗಳಿಗೆ ಒಂದೇ ಮಾನದಂಡ ಹೊಂದುವುದಿಲ್ಲ. ಗರ್ಭಕಂಠದಲ್ಲಿ ಕ್ಯಾನ್ಸರ್‌ಪೂರ್ವ ಬದಲಾವಣೆಗೇ ಚಿಕಿತ್ಸೆ ಸಿಗುವುದರಿಂದ, ವರ್ಷಗಳು ಕಳೆದಂತೆ ಹೊಸ ಪ್ರಕರಣಗಳೇ ಇಳಿಯಬೇಕು. ಸ್ತನ ಕ್ಯಾನ್ಸರ್‌ನಲ್ಲಿ ಮೊದಮೊದಲು ಪ್ರಕರಣಗಳು ಏರುವುದು ಸಹಜ. ಅಲ್ಲಿ ನೋಡಬೇಕಾದದ್ದು ಮುಂದುವರಿದ ಹಂತದಲ್ಲಿ ಬರುವವರು ಕಡಿಮೆಯಾದರೇ ಎಂಬುದನ್ನು. ಹೆಚ್ಚು ಪತ್ತೆಯಾದದ್ದೇ ಯಶಸ್ಸಲ್ಲ ಎಂಬುದಕ್ಕೆ ದಕ್ಷಿಣ ಕೊರಿಯಾ ಸಾಕ್ಷಿ: ಅಲ್ಟ್ರಾಸೌಂಡ್ ತಪಾಸಣೆ ವ್ಯಾಪಕವಾದ ಬಳಿಕ, 1993ಕ್ಕೆ ಹೋಲಿಸಿದರೆ 2011ರಲ್ಲಿ ಅಲ್ಲಿ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 15 ಪಟ್ಟಾಯಿತು, ಸಾವಿನ ಪ್ರಮಾಣ ಮಾತ್ರ ಬದಲಾಗಲಿಲ್ಲ.

ಸಾವು ಇಳಿಯಿತೇ ಎಂಬ ಕೊನೆಯ ಪ್ರಶ್ನೆಗೆ ಉತ್ತರ ದೊರೆಯುವುದು ಬೆಂಗಳೂರಿನ ಕಿದ್ವಾಯಿ ಸಂಸ್ಥೆ ನಡೆಸುವಂಥ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿಗಳಿಂದ, ಅಂದರೆ ಒಂದು ಪ್ರದೇಶದ ಎಲ್ಲ ಕ್ಯಾನ್ಸರ್ ಪ್ರಕರಣ, ಸಾವುಗಳನ್ನು ದಾಖಲಿಸುವ ವ್ಯವಸ್ಥೆಯಿಂದ. ಆದರೆ ಇಂಥ ನೋಂದಣಿಗಳು ದೇಶದ ಎಲ್ಲ ಜಿಲ್ಲೆಗಳನ್ನೂ ಒಳಗೊಂಡಿಲ್ಲ, ಉತ್ತರ ಸಿಗಲು ಹತ್ತಾರು ವರ್ಷಗಳೂ ಬೇಕು. ಅಲ್ಲಿಯವರೆಗೆ ನಿಮ್ಮ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯಲ್ಲಿ ಇದನ್ನು ಕೇಳಿ: ಕಳೆದ ವರ್ಷ ಮೇಲಿನ ಆಸ್ಪತ್ರೆಗೆ ಕಳುಹಿಸಿದವರಲ್ಲಿ ಎಷ್ಟು ಮಂದಿಯ ಚಿಕಿತ್ಸೆ ಪೂರ್ಣಗೊಂಡಿದೆ, ಉಳಿದವರ ಮನೆಗೆ ಯಾರು ಹೋಗಿ ವಿಚಾರಿಸಿದ್ದಾರೆ?