ಎಲೆಕ್ಟ್ರಿಕ್ ಕಾರಿನ ಸಸ್ಪೆನ್ಷನ್‌ನಿಂದ ಬರುವ ಸದ್ದಿನ ಮೂಲವನ್ನು ಪತ್ತೆಹಚ್ಚಿ ಸರಿಪಡಿಸುವುದು ಹೇಗೆ?

ಎಂಜಿನ್ನಿನ ಸದ್ದೇ ಇಲ್ಲದ ಕಾರಿನಲ್ಲಿ ಸಣ್ಣ ಕಟಕಟ ಶಬ್ದವೂ ಕಿವಿಗೆ ಬೀಳುವುದರಿಂದ, ಸದ್ದು ಕೇಳಿದ ಮಾತ್ರಕ್ಕೆ ಯಾವುದೋ ಭಾಗ ಹಾಳಾಗಿದೆಯೆಂದು ತೀರ್ಮಾನಿಸಬಾರದು. ಅದು ಯಾವಾಗ ಬರುತ್ತದೆ ಎಂಬುದನ್ನು ಮೊದಲು ಗಮನಿಸಿ.

ನಿಧಾನವಾಗಿ ಉಬ್ಬುತಗ್ಗುಗಳ ಮೇಲೆ ಹೋಗುವಾಗ ಟಕಟಕ ಸದ್ದು ಬಂದರೆ ಸ್ಟೆಬಿಲೈಸರ್ ಲಿಂಕನ್ನು (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳಿನ ತುದಿಯ ಕೊಂಡಿ) ಮೊದಲು ಶಂಕಿಸಬೇಕು. ನಿಂತ ಕಾರಿನ ಸ್ಟೀರಿಂಗ್ ತಿರುಗಿಸುವಾಗ ಕಿರುಗುಟ್ಟಿದರೆ ಬಾಲ್ ಜಾಯಿಂಟ್ (ಚಕ್ರ ತಿರುಗಲು ಬಿಡುವ ಗುಂಡಾಕಾರದ ಕೀಲು) ಅಥವಾ ಸ್ಟ್ರಟ್‌ನ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಕಂಬ) ಮೇಲ್ಭಾಗದ ಬೇರಿಂಗ್ ಕಾರಣವಿರಬಹುದು.

ಆಕ್ಸಿಲರೇಟರ್ ಒತ್ತುವಾಗ ಅಥವಾ ಬಿಡುವಾಗ ಬರುವ 'ಧಡ್' ಸದ್ದು ಮಾತ್ರ ಹೆಚ್ಚಿನ ವಿಚಾರಣೆಗೆ ಅರ್ಹ. ಕಾಲು ತೆಗೆದೊಡನೆ ಮೋಟಾರು ಜನರೇಟರಿನಂತೆ ವರ್ತಿಸಿ ಬಲದ ದಿಕ್ಕು ಬದಲಾಗುವುದರಿಂದ, ಸವೆದ ಕಂಟ್ರೋಲ್ ಆರ್ಮ್ ಬುಷ್ (ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ತೋಳಿನ ಕೀಲಿನಲ್ಲಿರುವ ರಬ್ಬರ್ ಭಾಗ) ಅಷ್ಟೇ ಅಲ್ಲದೆ ಸಡಿಲವಾದ ಮೋಟಾರ್ ಮೌಂಟ್ (ಮೋಟಾರನ್ನು ಹಿಡಿದಿಡುವ ಆಧಾರ) ಅಥವಾ ಡ್ರೈವ್ ಶಾಫ್ಟ್ (ಚಕ್ರಕ್ಕೆ ಬಲ ಒಯ್ಯುವ ದಂಡ) ಕೂಡ ಹೀಗೆಯೇ ಸದ್ದು ಮಾಡುತ್ತದೆ. ಮೋಟಾರು ಹೀಗೆ ಜನರೇಟರಾಗಿ ಕಾರಿನ ವೇಗ ತಗ್ಗಿಸುವ ರೀಜನರೇಟಿವ್ ಬ್ರೇಕಿಂಗನ್ನು ಕನಿಷ್ಠ ಮಟ್ಟಕ್ಕಿಳಿಸಿ ಅದೇ ರಸ್ತೆಯಲ್ಲಿ ಓಡಿಸಿದಾಗ ಸದ್ದು ತಗ್ಗಿದರೆ, ಶಾಕ್ ಅಬ್ಸಾರ್ಬರ್ ಬದಲಿಸಲು ಹಣ ಸುರಿಯುವ ಮೊದಲು ಇವುಗಳನ್ನು ನೋಡಿಸುವುದು ಜಾಣತನ.

ಕಾರನ್ನು ಎತ್ತುವಾಗ ತಯಾರಕರು ಸೂಚಿಸಿದ ಜಾಗಗಳಲ್ಲಿ ಮಾತ್ರ ಜಾಕ್ ಇಡಿ, ಏಕೆಂದರೆ ಬ್ಯಾಟರಿ ಸಾಮಾನ್ಯವಾಗಿ ನೆಲಹಾಸಿನ ಕೆಳಗೇ ಇರುತ್ತದೆ. ಹೆಚ್ಚು ವೋಲ್ಟೇಜಿನ ವಿದ್ಯುತ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮುಟ್ಟಲೇಬೇಡಿ. ಬುಷ್ ಸೀಳಿದ್ದರೆ ಬದಲಿಸುವುದೊಂದೇ ದಾರಿ, ಎಣ್ಣೆ ಸವರಿದರೆ ರಬ್ಬರ್ ಇನ್ನಷ್ಟು ಕೆಡುತ್ತದೆ. ಹೊಸ ಬುಷ್‌ನ ಬೋಲ್ಟನ್ನು ಚಕ್ರಗಳ ಮೇಲೆ ಕಾರಿನ ಭಾರ ಬಿದ್ದಿರುವಾಗಲೇ ಪೂರ್ತಿ ಬಿಗಿಯಬೇಕು. ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗನೆ ಹರಿಯುತ್ತದೆ. ಕಂಟ್ರೋಲ್ ಆರ್ಮ್ ಬಿಚ್ಚಿದ್ದರೆ ಕೊನೆಯಲ್ಲಿ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ.